ಎರಡು ಎಕರೆಗೆ ಬೆಂಗಳೂರು ಬ್ಲೂನಾ, ವೈನ್ ದ್ರಾಕ್ಷಿನಾ?

ನಂದಿ ಬೆಟ್ಟದ ಸುತ್ತಮುತ್ತ ದ್ರಾಕ್ಷಿ ನೆಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದೇ.

ಬೆಂಗಳೂರು ಬ್ಲೂ ನಮ್ಮ ಕಡೆಯ ಹಳೇ ತಳಿ. ಊರಿನ ವಿಶೇಷ ಬೆಳೆ ಅನ್ನುವ ಜಿಐ ಟ್ಯಾಗ್ ಕೂಡ ಇದೆ. ಚಪ್ಪರಕ್ಕೆ ಹಬ್ಬಿಸಿದರೆ ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ರೋಗವನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ವೈನರಿಯವರು ಬೇಡ ಅಂದರೆ ಚಿಂತೆಯಿಲ್ಲ, ಮಾರ್ಕೆಟ್ಟಿಗೆ ಹಾಕಬಹುದು, ಜ್ಯೂಸ್‌ನವರಿಗೂ ಕೊಡಬಹುದು. ಆದರೆ ಇದರ ಗಾಢ ವಾಸನೆ ಡ್ರೈ, ಅಂದರೆ ಸಿಹಿಯಿಲ್ಲದ ವೈನ್‌ಗೆ ಒಗ್ಗುವುದಿಲ್ಲ. ಹೆಚ್ಚಾಗಿ ಸಿಹಿ ಪೋರ್ಟ್ ಮಾದರಿಯ ವೈನ್‌ಗೇ ಹೋಗುತ್ತದೆ.

ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್‌ನಂಥ ಕೆಂಪು ವೈನ್ ತಳಿಗಳ ಕಥೆಯೇ ಬೇರೆ. ಗಿಡದ ಕಡ್ಡಿಗಳನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ ಸವರಬೇಕು, ಬೆಳೆ ಮಾತ್ರ ಒಂದೇ. ಬೇಸಿಗೆಯಲ್ಲಿ ಸವರುವುದು ಹೊಸ ಕಡ್ಡಿ ಬರಲಿ ಅಂತ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸವರುವುದು ಹಣ್ಣಿಗಾಗಿ. ಕಷ್ಟ ಇರುವುದು ಇಲ್ಲೇ. ಬೇಗ ಸವರಿದರೆ ಎಳೆ ಚಿಗುರಿಗೆ ಹಿಂಗಾರು ಮಳೆ ಬಡಿದು ಡೌನಿ ಎಂಬ ಬೂಜು ರೋಗ ಹತ್ತುತ್ತದೆ. ತಡ ಮಾಡಿದರೆ ಹಣ್ಣು ಬಿಸಿಲ ಕಾಲಕ್ಕೆ ಮಾಗಿ, ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಕೊಯ್ಲಿನ ದಿನವನ್ನೂ ಬಾಯಿರುಚಿ ನೋಡಿ ತೀರ್ಮಾನಿಸಿದರೆ ಸಾಲದು. ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣ ಹಿಡಿದು ಬ್ರಿಕ್ಸ್, ಅಂದರೆ ರಸದಲ್ಲಿನ ಸಕ್ಕರೆಯ ಅಳತೆ ನೋಡಬೇಕು. ಕೆಂಪು ವೈನ್‌ಗೆ ಸಾಮಾನ್ಯವಾಗಿ 22ರಿಂದ 24 ಇರಲಿ ಅಂತಾರೆ. ಕೊಯ್ದ ಮೇಲೆ ತಡ ಮಾಡುವಂತಿಲ್ಲ, ತಂಪು ಹೊತ್ತಲ್ಲೇ ವೈನರಿ ಸೇರಬೇಕು.

ವೈನ್ ದ್ರಾಕ್ಷಿಯ ಕಾಯಿ ಸಣ್ಣದು, ಅದನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಅಲ್ವಾ? ಹಾಗಾಗಿ ವೈನರಿಯವರು ಕೊಳ್ಳುವ ಕರಾರು ಬರಹದಲ್ಲಿ ಕೈಗೆ ಬರುವ ತನಕ ವೈನ್ ತಳಿ ನೆಡಬೇಡಿ. ಕರಾರು ಇದೆ, ದಿನಾ ತೋಟದಲ್ಲೇ ಇರುತ್ತೀರಿ ಅಂದರೆ ಶಿರಾಜ್ ಹಾಕಿ. ವಾರಕ್ಕೊಮ್ಮೆ ಬಂದು ಹೋಗುವವರಾದರೆ ಬ್ಲೂ ಸಾಕು.