ಪಾಳಿ ಮುಗಿಸಿ ರಾತ್ರಿ ಮನೆಗೆ: ಮೆಟ್ರೋ, ಬಸ್ಸು, ಆಟೋ

ಪಟ್ಟಂದೂರು ಅಗ್ರಹಾರದ ಆಫೀಸಿನಿಂದ ನಾನು ಹೊರಬೀಳುವಾಗ ರಾತ್ರಿ ಒಂಬತ್ತೂವರೆ. ಮನೆ ಇರುವುದು ವಿಜಯನಗರದಲ್ಲಿ, ಬೆಂಗಳೂರಿನ ಇನ್ನೊಂದು ತುದಿ. ವರ್ಷದಿಂದ ಮೂರು ಬಗೆಯಲ್ಲೂ ಓಡಾಡಿ ನೋಡಿದ್ದೇನೆ.

ಮೆಟ್ರೋ ನನ್ನ ಮೊದಲ ಆಯ್ಕೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಮಾರ್ಗ ತೆರೆದ ಮೇಲೆ ಒಂದೇ ರೈಲಿನಲ್ಲಿ ಮನೆ ಹತ್ತಿರ ಇಳಿಯಬಹುದು. ಮೊದಲ ಬೋಗಿ ಹೆಂಗಸರದು. ಅಲ್ಲಿ ಎಷ್ಟೋ ಸಲ ಬ್ಯಾಗ್ ತಬ್ಬಿಕೊಂಡು ನಿದ್ದೆ ಹೋಗಿದ್ದೇನೆ. ಬೇರೆ ಯಾವ ವಾಹನದಲ್ಲೂ ಆ ಧೈರ್ಯ ಬಂದಿಲ್ಲ.

ಕಷ್ಟ ಶುರುವಾಗುವುದು ಸ್ಟೇಷನ್ ಮೆಟ್ಟಿಲು ಇಳಿದ ಮೇಲೆ. ಮನೆಗೆ ಹನ್ನೆರಡು ನಿಮಿಷದ ನಡಿಗೆ. ನಡುವೆ ಒಂದು ಕ್ರಾಸಿನಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದ ಬೀದಿದೀಪ ಉರಿಯುವುದಿಲ್ಲ, ಅಂಗಡಿಗಳ ಶಟರ್ ಅಷ್ಟೊತ್ತಿಗೆ ಎಳೆದಿರುತ್ತದೆ. ಒಂದು ರಾತ್ರಿ ಬೈಕೊಂದು ನನ್ನನ್ನು ದಾಟಿ ಹೋಗಿ, ತಿರುವಿನಲ್ಲಿ ತಿರುಗಿಸಿಕೊಂಡು ನಿಧಾನವಾಗಿ ವಾಪಸ್ ಬಂತು. ಲೈಟ್ ಇದ್ದ ಮನೆಯೊಂದರ ಗೇಟು ತೆಗೆದು ಬೆಲ್ ಒತ್ತಿಬಿಟ್ಟೆ. ಅಜ್ಜಿಯೊಬ್ಬರು ಬಂದು, "ಯಾಕಮ್ಮಾ, ಹಿಂಗೆ ಬೆವತಿದ್ದೀಯ?" ಅಂದರು. ಬೈಕಿನ ಸದ್ದು ಪೂರ್ತಿ ಅಡಗುವವರೆಗೂ ನನ್ನ ಮೊಣಕೈ ಹಿಡಿದು ನಿಂತಿದ್ದರು.

ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ, ಜೊತೆಗೆ ಕಂಡಕ್ಟರ್ ಇರುತ್ತಾರೆ. ಅದು ದೊಡ್ಡ ಬಲ. ಪಕ್ಕದ ಸೀಟಿನವನು ಮೈಮೇಲೆ ವಾಲುತ್ತಿದ್ದಾಗ ಕಂಡಕ್ಟರ್ ಒಂದೇ ಮಾತು ಗದರಿಸಿ ಅವನನ್ನು ಹಿಂದಕ್ಕೆ ಕಳಿಸಿದ್ದರು. ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಬೇಕು. ಪ್ಲಾಟ್‌ಫಾರಂನಲ್ಲಿ ಕಾಯುವ ಆ ಹೊತ್ತು ನನಗೆ ಒಗ್ಗುವುದಿಲ್ಲ.

ಆ್ಯಪ್‌ನಲ್ಲಿ ಕರೆದ ಆಟೋ ಮನೆ ಬಾಗಿಲಿಗೇ ಬಿಡುತ್ತದೆ, ದುಡ್ಡೂ ಹಾಗೇ ಆಗುತ್ತದೆ. ಒಮ್ಮೆ ಚಾಲಕ ಮುಖ್ಯರಸ್ತೆ ಬಿಟ್ಟು ಕತ್ತಲ ಗಲ್ಲಿಗೆ ತಿರುಗಿಸಿದ. "ಶಾರ್ಟ್‌ಕಟ್ ಮೇಡಂ" ಅಂದ. ನಿಜವೇ ಇರಬಹುದು. ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿದರೆ ಬರೀ ರೆಕಾರ್ಡ್ ಮಾಡಿದ ದನಿ. ಅಣ್ಣನಿಗೆ ಫೋನ್ ಮಾಡಿ ಗಾಡಿ ನಂಬರನ್ನು ಜೋರಾಗಿ ಹೇಳಿದೆ, ಚಾಲಕ ಆಟೋವನ್ನು ಮತ್ತೆ ಮುಖ್ಯರಸ್ತೆಗೆ ತಿರುಗಿಸಿದ. ಅಂದಿನಿಂದ ಗಾಡಿ ಹತ್ತುವ ಮೊದಲೇ ಮೊಬೈಲಿನಲ್ಲಿ 112 ಒತ್ತಿಟ್ಟುಕೊಳ್ಳುತ್ತೇನೆ, ಕರೆ ಮಾಡುವುದಷ್ಟೇ ಬಾಕಿ ಇರುವ ಹಾಗೆ.

ಈಗ ನನ್ನ ರೂಢಿ ಹೀಗೆ: ವಿಜಯನಗರದವರೆಗೆ ಮೆಟ್ರೋ, ಸ್ಟೇಷನ್ ಮುಂದಿನಿಂದ ಮೀಟರ್ ಆಟೋ. 2025ರ ಆಗಸ್ಟ್‌ನಿಂದ ಕನಿಷ್ಠ ದರ 36 ರೂಪಾಯಿ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಅಂದರೆ 54. ಹನ್ನೆರಡು ನಿಮಿಷದ ದಾರಿಗೆ ಇಷ್ಟು ಕೊಡುವುದು ಹೊಟ್ಟೆ ಉರಿಸುತ್ತದೆ. ಆ ದೀಪದ ಬಗ್ಗೆ ಎರಡು ಸಲ ದೂರು ಕೊಟ್ಟಿದ್ದೇನೆ. ಅದು ಹತ್ತಿದ ದಿನದಿಂದ ಮತ್ತೆ ನಡೆದೇ ಹೋಗುತ್ತೇನೆ.