ಭಜನೆ ಮನೆಯನ್ನು ಪರಂಪರಾ ಕೇಂದ್ರವಾಗಿಸಿದ ಗಾರೆ ತಂಡ: ಕೆಲಸದ ವಿಮರ್ಶೆ

ಪಾಂಡವಪುರ ತಾಲ್ಲೂಕಿನ ನಮ್ಮ ಊರಿನ ಹಳೆಯ ಭಜನೆ ಮನೆಯನ್ನು ಕೆಡವದೆ, ಊರಿನ ಹಾಡು, ಕುಣಿತ, ಕಸುಬುಗಳ ನೆನಪನ್ನು ಕಾಪಾಡುವ ಕೇಂದ್ರವಾಗಿ ಉಳಿಸಿಕೊಳ್ಳಬೇಕೆಂದು ನಮ್ಮ ಸಮಿತಿ ತೀರ್ಮಾನಿಸಿ, ಮೈಸೂರಿನ ಒಂದು ಕಟ್ಟಡ ಸಂರಕ್ಷಣಾ ತಂಡಕ್ಕೆ ಕೆಲಸವನ್ನು ಒಪ್ಪಿಸಿತ್ತು. ಈಗ ಕೆಲಸ ಮುಗಿದು ಒಂದು ಮಳೆಗಾಲವೂ ಕಳೆದಿದೆ. ಇಂಥ ಕೆಲಸಕ್ಕೆ ಯಾರನ್ನು ಕರೆಯಬೇಕು, ಅವರನ್ನು ಏನು ಕೇಳಬೇಕು ಎಂಬುದು ತಿಳಿಯದೆ ಎಷ್ಟೋ ಊರುಗಳವರು ಕೊನೆಗೆ ಜೆಸಿಬಿ ತರಿಸುತ್ತಿರುವುದರಿಂದ, ಈ ತಂಡದ ಕೆಲಸದ ಗುಣವನ್ನೂ ಕೊರತೆಯನ್ನೂ ಬರೆದಿಡುವುದು ಅಗತ್ಯವೆನಿಸಿತು.

ನಮ್ಮ ಕಟ್ಟಡಕ್ಕಿದ್ದ ಮುಖ್ಯ ರೋಗವೆಂದರೆ ತೇವ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯತೊಡಗಿದ 1930ರ ದಶಕದಿಂದ ಈ ಭಾಗದ ಹೊಲಗಳು ಗದ್ದೆಗಳಾದವು; ಅದರೊಂದಿಗೆ ನೆಲದೊಳಗಿನ ನೀರೂ ಮೇಲೇರಿತು. ಮಣ್ಣು, ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆ ಆ ತೇವವನ್ನು ಹೀರಿದರೂ ಗಾಳಿಗೆ ಬಿಟ್ಟುಕೊಡುತ್ತಿತ್ತು. ಆದರೆ ಹಿಂದೊಮ್ಮೆ ದುರಸ್ತಿಯ ಹೆಸರಿನಲ್ಲಿ ಗೋಡೆಗಳ ಕೆಳಭಾಗಕ್ಕೆ ಸಿಮೆಂಟ್ ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಲಾಗಿತ್ತು. ಹೊರಬರಲು ದಾರಿಯಿಲ್ಲದ ನೀರು ಸಿಮೆಂಟಿನ ಹಿಂದೆಯೇ ಮೇಲೇರಿ, ಎದೆಯೆತ್ತರದಲ್ಲಿ ಬಿಳಿ ಉಪ್ಪಾಗಿ ಒಡೆದು, ಇಟ್ಟಿಗೆಯನ್ನು ಪುಡಿ ಮಾಡುತ್ತಿತ್ತು. ಈ ತಂಡಕ್ಕೂ ಮೊದಲು ನೋಡಲು ಬಂದ ಗುತ್ತಿಗೆದಾರರೆಲ್ಲರೂ ಇನ್ನಷ್ಟು ಸಿಮೆಂಟನ್ನೇ ಸೂಚಿಸಿದ್ದರು. ಈ ತಂಡದವರು ಮಾತ್ರ ಮೊದಲು ಸಿಮೆಂಟನ್ನು ಕೆತ್ತಿ ತೆಗೆದು, ಕಟ್ಟಡದ ಸುತ್ತ ಮಳೆನೀರು ನಿಲ್ಲದಂತೆ ಚರಂಡಿ ಮಾಡಿ, ಒಂದು ಬೇಸಿಗೆ ಗೋಡೆಗಳನ್ನು ಸುಮ್ಮನೆ ಒಣಗಲು ಬಿಡಬೇಕೆಂದರು. ಹಣ ಕೊಟ್ಟವರಿಗೆ ಕೆಲಸ ಕಾಣದ ಆ ತಿಂಗಳುಗಳನ್ನು ಸಹಿಸುವುದು ಕಷ್ಟವಾಯಿತು, ನಿಜ. ಆದರೆ ಇಡೀ ಕೆಲಸದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಅದೇ ಆಗಿತ್ತೆಂದು ಈಗ ದೃಢವಾಗಿ ಹೇಳಬಲ್ಲೆ. ಈ ಮಳೆಗಾಲದಲ್ಲಿ ಗೋಡೆ ಎಲ್ಲಿಯೂ ಉಪ್ಪು ಬಿಡಲಿಲ್ಲ.

ಗಾರೆಯ ಕೆಲಸವನ್ನಂತೂ ನೋಡಿಯೇ ತಿಳಿಯಬೇಕು. ಸುಟ್ಟ ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ, ಕೊಳೆಯಲು ಬಿಟ್ಟು, ಮರಳನ್ನೂ ಸುರ್ಕಿ ಎನ್ನುವ ಸುಟ್ಟ ಇಟ್ಟಿಗೆಯ ಪುಡಿಯನ್ನೂ ಬೆರೆಸಿ ಅರೆದರು. ಅಳಲೆಕಾಯಿ ನೆನೆಸಿದ ನೀರನ್ನು, ನಮ್ಮೂರ ಆಲೆಮನೆಯಿಂದಲೇ ತಂದ ಬೆಲ್ಲದ ನೀರನ್ನು ಗಾರೆಗೆ ಸೇರಿಸಿದರು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುವುದರಿಂದ ಒಂದು ಪದರ ಗಟ್ಟಿಯಾಗುವವರೆಗೆ ಮುಂದಿನ ಪದರ ಹಾಕುವಂತಿಲ್ಲ. ಅವಸರಪಟ್ಟರೆ ಬಿರುಕು ಖಚಿತ. ಹಿರಿಯ ಮೇಸ್ತ್ರಿಯೊಬ್ಬರು ಪ್ರತಿ ಹಂತವನ್ನೂ ಊರಿನ ಹುಡುಗರಿಗೆ ತೋರಿಸಿ ಅವರ ಕೈಯಿಂದಲೇ ಸ್ವಲ್ಪ ಭಾಗ ಮಾಡಿಸಿದರು. ಮುಂದೆ ಸಣ್ಣ ದುರಸ್ತಿಗೆ ಮೈಸೂರಿನತ್ತ ನೋಡುವ ಅಗತ್ಯ ನಮಗಿಲ್ಲ. ಒಪ್ಪಂದದಲ್ಲಿ ಇಲ್ಲದ ಈ ಉಪಕಾರವನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಗೆದ್ದಲು ತಿಂದಿದ್ದ ಜಂತೆಗಳನ್ನು ಮಾತ್ರ ಬದಲಿಸಿ, ಗಟ್ಟಿಯಿದ್ದ ತೊಲೆಗಳನ್ನೂ ಹೆಂಚುಗಳನ್ನೂ ಉಳಿಸಿಕೊಂಡರು.

ಕೆಲಸ ಆರಂಭಿಸುವ ಮೊದಲು ತಂಡದ ವಾಸ್ತುಶಿಲ್ಪಿ ಊರಿನ ಸಭೆಯಲ್ಲಿ ವೇಲ್ಸ್ ದೇಶದ ಚಾಪೆಲ್‌ಗಳ, ಅಂದರೆ ಕ್ರೈಸ್ತರ ಪ್ರಾರ್ಥನಾ ಮಂದಿರಗಳ, ಚಿತ್ರಗಳನ್ನು ತೋರಿಸಿ ಮಾತನಾಡಿದ್ದರು. ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮೊದಲಾದ ಪಂಥಗಳವರು ಅಲ್ಲಿ 6,000ಕ್ಕೂ ಹೆಚ್ಚು ಚಾಪೆಲ್‌ಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಅನೇಕವು ಕಲ್ಲಿದ್ದಲು ಗಣಿಯ, ಸ್ಲೇಟು ಕಲ್ಲಿನ ಕ್ವಾರಿಯ ಕೂಲಿಗಾರರ ಹಣದಿಂದ ಎದ್ದವು. ಭಾನುವಾರದ ಶಾಲೆಯಲ್ಲಿ ವೆಲ್ಷ್ ಭಾಷೆಯನ್ನು ಓದಲು ಕಲಿತದ್ದು, ಒಟ್ಟಾಗಿ ಹಾಡಲು ಕಲಿತದ್ದು ಅಲ್ಲಿಯೇ. 20ನೇ ಶತಮಾನದಲ್ಲಿ ಜನ ಕಡಿಮೆಯಾಗಿ ಒಂದೊಂದೇ ಬಾಗಿಲು ಮುಚ್ಚಿದಾಗ ಕೆಲವು ವಾಸದ ಮನೆಗಳಾದವು, ಕೆಲವು ನೆಲಸಮವಾದವು. ಅವುಗಳ ಅಧ್ಯಯನಕ್ಕಾಗಿ 1986ರಲ್ಲಿ ‘ಕಪೆಲ್’ ಎಂಬ ಸಂಘವೂ, ಮುಖ್ಯವಾದ ಚಾಪೆಲ್‌ಗಳನ್ನು ವಹಿಸಿಕೊಂಡು ಉಳಿಸಲು 1999ರಲ್ಲಿ ‘ಅಡೋಲ್ಡೈ ಕಮ್ರಿ’ ಎಂಬ ಟ್ರಸ್ಟೂ ಹುಟ್ಟಿದವು. ಅಲ್ಲಿನ ಚಾಪೆಲ್‌ಗಳಲ್ಲಿ ಉಪದೇಶಪೀಠ ನಡುವೆ ಇರುತ್ತದೆ. ಅದರ ಮುಂದೆ ಸಭೆಯ ಹಿರಿಯರು ಕೂರುವ ‘ದೊಡ್ಡ ಪೀಠ’, ಮೂರು ಕಡೆ ಮಹಡಿಯ ಗ್ಯಾಲರಿ. ಜಾಗ ಬೇಕೆಂದು ಇವನ್ನು ಕಿತ್ತುಹಾಕಿದರೆ ನಾಲ್ಕು ಗೋಡೆ ಉಳಿದರೂ ಚಾಪೆಲ್ ಉಳಿಯುವುದಿಲ್ಲ. ಹೊಸದಾಗಿ ಸೇರಿಸುವುದೆಲ್ಲ ಮುಂದೆ ಗೋಡೆಗೆ ಗಾಯವಾಗದಂತೆ ತೆಗೆಯಲು ಬರಬೇಕು ಎಂದು ಅವರು ವಿವರಿಸಿದರು. ಗುರುವಿನ ಮಣೆಯನ್ನೂ ತಂಬೂರಿ ಇಡುವ ಗೂಡನ್ನೂ ತೆಗೆದು ಷೋಕೇಸು ಕಟ್ಟಿಸಬೇಕೆಂಬ ಸಲಹೆ ನಮ್ಮೊಳಗೇ ಬಲವಾಗಿತ್ತು. ಆ ಸಭೆಯಾದ ಮೇಲೆ ಯಾರೂ ಅದನ್ನು ಮತ್ತೆ ಎತ್ತಲಿಲ್ಲ.

ಹೀಗಾಗಿ ಮಣೆ ಇದ್ದಲ್ಲೇ ಇದೆ. ತಾಳ, ತಮಟೆ, ಪೂಜಾ ಕುಣಿತದ ಪಟ, ಕೈಬರಹದ ತತ್ವಪದದ ಪುಸ್ತಕಗಳು ನೆಲದ ಮೇಲೆ ನಿಲ್ಲಿಸಿದ ಮರದ ಚೌಕಟ್ಟುಗಳಲ್ಲಿವೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ವಾರದ ಭಜನೆಯ ದಿನ ಚೌಕಟ್ಟುಗಳನ್ನು ಬದಿಗೆ ಸರಿಸಿ ಮೊದಲಿನಂತೆಯೇ ಹಾಡುತ್ತೇವೆ. ಹಿರಿಯರ ಬಾಯಿಂದ ಪದಗಳನ್ನು ಧ್ವನಿಮುದ್ರಿಸಿ, ಹಾಡಿದವರ ಒಪ್ಪಿಗೆ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ತಂಡದವರು ಸಮಿತಿಗೇ ಕೊಟ್ಟಿದ್ದಾರೆ.

ಕೊರತೆಗಳೂ ಇವೆ. ಮೊದಲ ಅಂದಾಜು ಪಟ್ಟಿಯಲ್ಲಿ ಮರದ ಕೆಲಸವನ್ನು ಒಟ್ಟಾಗಿ ಬರೆದಿದ್ದರಿಂದ, ಛಾವಣಿ ಬಿಚ್ಚಿದ ಮೇಲೆ ವೆಚ್ಚ ಏರಿದಾಗ ಸಮಿತಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಛಾವಣಿಯ ಎರಡು ಕಡೆ ಹೆಂಚು ತೆಗೆದು ನೋಡಿಯೇ ಅಂದಾಜು ಕೊಡಬಹುದಿತ್ತು. ವೈರಿಂಗಿಗಾಗಿ ತಂಡ ಒಳಗುತ್ತಿಗೆ ಕೊಟ್ಟಿದ್ದವರು ಹೊಸ ಗಾರೆಯನ್ನು ಕೊರೆದು ಸಿಮೆಂಟಿನಿಂದ ಮುಚ್ಚಿದ್ದರು. ದೂರಿದ ಮೇಲೆ ತಂಡ ತನ್ನ ಖರ್ಚಿನಲ್ಲಿ ಸರಿಪಡಿಸಿತಾದರೂ ಆ ತೇಪೆಯ ಬಣ್ಣ ಇನ್ನೂ ಹೊಂದಿಲ್ಲ. ನನಗೆ ಹೆಚ್ಚು ನೋವಾಗಿರುವುದು ಬಾಗಿಲ ಮುಂದಿನ ಎತ್ತರದ ಮೆಟ್ಟಿಲುಗಳ ವಿಷಯದಲ್ಲಿ. ಅಲ್ಲಿ ಹಾಡು ಕಲಿತ ವೃದ್ಧರೇ ಈಗ ಹತ್ತಲಾರರು. ಇಳಿಜಾರು ಹಾದಿಯ ನಕ್ಷೆ ನಮ್ಮ ಕೈಸೇರಿದ್ದು ಹಣ ಮುಗಿದ ಮೇಲೆ.

ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗವೂ ಬಿದ್ದಿತು. ಅಂದಿನಿಂದ ಹಳೆಯ ಕಟ್ಟಡವೆಂದರೆ ಅಪಾಯವೆಂಬ ಭಯ ನಮ್ಮ ಕಡೆಯೂ ಇದೆ; ಆ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದ್ದರಿಂದ ಇಂಥ ತಂಡವನ್ನು ಕರೆಯುವವರು ಗೋಡೆ ಮತ್ತು ಛಾವಣಿಯ ಬಲದ ಬಗ್ಗೆ ಎಂಜಿನಿಯರ್ ಒಬ್ಬರಿಂದ ಬರಹದಲ್ಲಿ ವರದಿ ಪಡೆಯಲಿ, ಅಂದಾಜಿನಲ್ಲಿ ಮರ, ವೈರಿಂಗ್, ಇಳಿಜಾರು ಹಾದಿಗಳನ್ನು ಬೇರೆ ಬೇರೆಯಾಗಿ ಬರೆಸಲಿ, ಗಾರೆಯ ಕೆಲಸವನ್ನು ಮಳೆ ನಿಂತ ಮೇಲೆಯೇ ಆರಂಭಿಸಲಿ. ಅವಸರದಲ್ಲಿ ಉದ್ಘಾಟನೆಯ ದಿನಾಂಕ ಗೊತ್ತುಮಾಡಿಕೊಂಡವರಿಗೆ ಈ ತಂಡ ಹೊಂದುವುದಿಲ್ಲ. ಕಾಯಲು ಸಿದ್ಧರಿರುವ ಊರಿಗೆ ಇವರನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ನಮ್ಮ ಇಳಿಜಾರು ಹಾದಿಯ ಕೆಲಸಕ್ಕೂ ಹಣ ಕೂಡಿದೊಡನೆ ಇವರನ್ನೇ ಕರೆಸುವುದೆಂದು ಸಮಿತಿ ಒಪ್ಪಿದೆ.