ಕ್ಯೂಜಿಐಎಸ್: ಕಾಸು ಬೇಡ, ತಾಳ್ಮೆ ಬೇಕು

ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಭೂಗೋಳ ವಿಭಾಗದಲ್ಲಿ ಡಿಜಿಟಲ್ ನಕ್ಷೆ ಮಾಡುವುದು ನನ್ನ ಕೆಲಸ, ಹಾಗಾಗಿ ದಿನವಿಡೀ ಎದುರಿಗಿರುವುದು ಕ್ಯೂಜಿಐಎಸ್. 2002ರಲ್ಲಿ ಶುರುವಾದ ಸಾಫ್ಟ್‌ವೇರ್. ಲೈಸೆನ್ಸ್‌ಗೆ ಒಂದು ಪೈಸೆಯೂ ಬೇಡ. ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪ್‌ಗೂ ಹಾಕಿಕೊಂಡು ಹೋಗಬಹುದು, ಲ್ಯಾಬ್ ಬೀಗ ತೆಗೆಯೋವರೆಗೂ ಕಾಯಬೇಕಿಲ್ಲ ಅಲ್ವಾ.

ನನಗೆ ಜಾಸ್ತಿ ಹಿಡಿಸಿದ್ದು ಪ್ರೊಜೆಕ್ಷನ್ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ನಿಭಾಯಿಸುವ ರೀತಿ. ನಕ್ಷೆಗಾಗಿ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರು ಇರುವುದು ವಲಯ 43ರಲ್ಲಿ, ಆದರೆ ಪೂರ್ವಕ್ಕೆ 78 ಡಿಗ್ರಿ ರೇಖಾಂಶ ದಾಟಿದರೆ ವಲಯ 44, ಅಂದರೆ ಪಕ್ಕದ ಕೋಲಾರ ಪಟ್ಟಣವೇ ಬೇರೆ ವಲಯ! ಬೆಳ್ಳಂದೂರು ಕೆರೆ ನಕ್ಷೆಯ ಒಂದು ಲೇಯರ್‌ನಲ್ಲಿ (ಪದರದಲ್ಲಿ), ಕೋಲಾರದ ಕೆರೆಗಳು ಇನ್ನೊಂದರಲ್ಲಿ ಇದ್ದರೂ, ಎರಡಕ್ಕೂ ಸರಿಯಾದ ಸಿಆರ್‌ಎಸ್ (ಯಾವ ನಿರ್ದೇಶಾಂಕ ಪದ್ಧತಿ ಎಂಬ ಗುರುತು) ಕೊಟ್ಟಿದ್ದರೆ ತಾನಾಗಿಯೇ ಹೊಂದಿಸಿ ತೋರಿಸುತ್ತದೆ.

ಯುನಿಕೋಡ್ ಆದರೆ ಕನ್ನಡ ಲೇಬಲ್ ಒತ್ತಕ್ಷರ ಸಮೇತ ಚೆನ್ನಾಗಿ ಬರುತ್ತದೆ. ಒಂದು ಕಚೇರಿಯಿಂದ ಬಂದ ಹಳ್ಳಿಗಳ ಪಟ್ಟಿ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿತ್ತು, ನಕ್ಷೆ ತುಂಬಾ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲಾ ಪರಿವರ್ತಿಸಿಕೊಂಡು ಕೂರಬೇಕಾಯಿತು. ಅದು ಸಾಫ್ಟ್‌ವೇರ್ ತಪ್ಪಲ್ಲ ಬಿಡಿ.

ಬೇಜಾರಿನ ವಿಷಯ? ಮೆನುಗಳು ಸಿಕ್ಕಾಪಟ್ಟೆ, ಹೊಸಬರಿಗೆ ತಲೆ ಕೆಡುತ್ತದೆ. ಮುದ್ರಣಕ್ಕೆ ನಕ್ಷೆ ಜೋಡಿಸುವ ಪ್ರಿಂಟ್ ಲೇಔಟ್ ಕಲಿಯಲು ಬೇರೆಯೇ ತಾಳ್ಮೆ ಬೇಕು. ಇನ್ನೊಂದು, ಸುಮ್ನೆ ಅಭ್ಯಾಸಬಲದಿಂದ ಶೇಪ್‌ಫೈಲ್ ಎಂಬ ಹಳೇ ಫೈಲ್ ಮಾದರಿಯಲ್ಲಿ ಉಳಿಸಬೇಡಿ. ಅದರಲ್ಲಿ ಕಾಲಂ ಹೆಸರು ಇಂಗ್ಲಿಷಿನಲ್ಲೇ 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ, ಕನ್ನಡದಲ್ಲಿ ಇನ್ನೂ ಕಮ್ಮಿ. ಜಿಯೋಪ್ಯಾಕೇಜ್ ಎಂಬ ಮಾದರಿ ಬಳಸಿ, ಎಲ್ಲಾ ಲೇಯರ್‌ಗಳನ್ನೂ ಒಂದೇ ಫೈಲ್‌ನಲ್ಲಿ ಇಡಬಹುದು, ಪೆನ್‌ಡ್ರೈವ್‌ಗೆ ಹಾಕುವಾಗ ಯಾವುದೂ ತಪ್ಪಿಹೋಗುವುದಿಲ್ಲ.